ತಲೆಯೊಳಗಿನ ಒತ್ತಡ ಜಾಸ್ತಿ ಇರೋ ಮಗಳು ಓದಿನಲ್ಲಿ ನಿಧಾನ ಆಗಿದ್ದಾಳೆ: ಕಾಯಿಲೆಯಿಂದಲೋ, ಮಾತ್ರೆಯಿಂದಲೋ?

ಹನುಮಂತನಗರದ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸು. ಈ ಸಲ ಮಳೆಗಾಲ ಶುರುವಾದಾಗ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಅನ್ನೋಕೆ ಶುರು ಮಾಡಿದಳು. ಬಗ್ಗಿ ಶೂ ಹಾಕ್ಕೊಂಡು ಎದ್ದರೆ ಒಂದೆರಡು ಸೆಕೆಂಡು ಕಣ್ಣು ಕತ್ತಲಾಗುತ್ತೆ ಅಂತಿದ್ದಳು. ರಾತ್ರಿ ಮಲಗಿದರೆ ಕಿವಿಯಲ್ಲಿ ಧಸ್ ಧಸ್ ಅಂತ ಸದ್ದು, ನಾಡಿ ಹೊಡೆದುಕೊಳ್ಳೋ ಲಯದಲ್ಲೇ. ಕನ್ನಡಕ ಬೇಕಾಗಿರಬಹುದು ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ಡ್ರಾಪ್ಸ್ ಹಾಕಿ ಒಳಗಡೆ ನೋಡಿದವರೇ, ಎರಡೂ ಕಣ್ಣಿನ ನರ ಊದಿದೆ, ಇವತ್ತೇ ಎಂಆರ್‌ಐ ಆಗಬೇಕು ಅಂದರು. ಗಡ್ಡೆ ಇಲ್ಲ, ರಕ್ತನಾಳದಲ್ಲಿ ಹೆಪ್ಪುಗಟ್ಟಿಲ್ಲ ಅಂತ ಗೊತ್ತಾದ ಮೇಲೆ ನಿದ್ದೆಯ ಔಷಧಿ ಕೊಟ್ಟು ಬೆನ್ನಿನ ನೀರು ತೆಗೆದರು. ಆ ನೀರಿನ ಒತ್ತಡ 34 ಸೆಂಟಿಮೀಟರ್ ಇತ್ತು, ಇರಬೇಕಾದ್ದಕ್ಕಿಂತ ಜಾಸ್ತಿ. ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್, ಅಂದರೆ ಕಾರಣ ಗೊತ್ತಾಗದೆ ತಲೆಯೊಳಗೆ ಒತ್ತಡ ಏರೋದು, ಅಂತ ಹೇಳಿ ಅಸೆಟಾಜೋಲಮೈಡ್ ಮಾತ್ರೆ ಶುರು ಮಾಡಿದರು. ತಲೆನೋವು ಪೂರ್ತಿ ಹೋಗಲಿಲ್ಲ ಅಂತ ಆಮೇಲೆ ಟೋಪಿರಮೇಟ್ ಕೂಡ ಸೇರಿಸಿದ್ದಾರೆ.

ಈಗ ನರದ ಊತ ಇಳಿದಿದೆ, ದೃಷ್ಟಿಗೆ ಏನೂ ಆಗಿಲ್ಲ. ದೇವರು ದೊಡ್ಡವನು. ಆದರೆ ಅವಳು ಮೊದಲಿನ ಹಾಗಿಲ್ಲ. 17ರ ಮಗ್ಗಿಯನ್ನು ಸ್ಕೂಲ್ ವ್ಯಾನ್ ಬರೋವರೆಗೆ ಗೇಟ್ ಹತ್ತಿರ ನಿಂತು ಪಟಪಟ ಹೇಳ್ತಿದ್ದವಳು, ಈಗ ಹದಿನೇಳಾರಕ್ಕೆ ಬಂದು ನಿಂತು ಮತ್ತೆ ಹದಿನೇಳೊಂದ್ಲದಿಂದ ಶುರು ಮಾಡ್ತಾಳೆ. ಅಂಗಡಿಗೆ ಕಳಿಸಿ ಮೊಸರು, ಕೊತ್ತಂಬರಿ ತಾ ಅಂದರೆ ಮೊಸರು ಮಾತ್ರ ಬರುತ್ತೆ. ಮಾತಾಡ್ತಾ ಮಾತಾಡ್ತಾ "ಅದು... ಅದೇ ಅಮ್ಮ... ಅದು" ಅಂತ ನಿಲ್ಲಿಸ್ತಾಳೆ, ಪದ ಸಿಗೋದಿಲ್ಲ. ಪರೀಕ್ಷೆಯಲ್ಲಿ ಗೊತ್ತಿರೋದನ್ನೇ ಮುಗಿಸೋಕೆ ಆಗ್ತಿಲ್ಲ. ಕ್ಲಾಸ್ ಮಿಸ್ಸು "ಗಮನ ಇಲ್ಲ" ಅಂತ ಡೈರಿಯಲ್ಲಿ ಬರೆದು ಕಳಿಸ್ತಿದ್ದಾರೆ. ಮನೆಯಲ್ಲಿ ಹಿರಿಯರು ಮೊಬೈಲ್ ಕಿತ್ತುಕೋ ಅಂತಾರೆ.

ಒತ್ತಡ ಜಾಸ್ತಿಯಾದರೆ ಬುದ್ಧಿಶಕ್ತಿಗೆ ಪೆಟ್ಟು ಬೀಳುತ್ತಾ? ಬಿದ್ದರೆ ವಾಪಸ್ ಬರುತ್ತಾ? ಅಥವಾ ಇದು ಮಾತ್ರೆಯ ಪರಿಣಾಮವಾ? ಬೆಂಗಳೂರಿನಲ್ಲಿ ಇದನ್ನು ಸರಿಯಾಗಿ ಅಳೆದು ಹೇಳೋರು ಎಲ್ಲಿದ್ದಾರೆ? ಇದೇ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಬರೀರಿ.

ಬಸವೇಶ್ವರನಗರ ಮೆಡಿಕಲ್ಸ್:

ನಾನು ಡಾಕ್ಟರಲ್ಲ, ಔಷಧಿ ಅಂಗಡಿಯವನು. ನೀವು ಡಾಕ್ಟರಿಗೆ ಹೇಳಲೇಬೇಕಾದ ಒಂದು ವಿಷಯ ಇದೆ. ಮಗುವಿಗೆ ಬೇರೆ ಏನೇನು ಕೊಡ್ತಿದ್ದೀರಿ? ವಿಟಮಿನ್ ಎ ಅತಿಯಾದರೆ ತಲೆಯೊಳಗೆ ಒತ್ತಡ ಏರುತ್ತೆ. ಕಣ್ಣಿಗೆ ಒಳ್ಳೇದು ಅಂತ ಕಾಡ್ ಲಿವರ್ ಎಣ್ಣೆಯ ಮಾತ್ರೆಯನ್ನು ಲೆಕ್ಕವಿಲ್ಲದೆ ಕೊಡುವವರಿದ್ದಾರೆ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಮೊಡವೆಗೆ ಕೊಡೋ ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್, ಐಸೋಟ್ರೆಟಿನಾಯಿನ್ ಇಂದಲೂ ಆಗುತ್ತೆ. ಸ್ಟಿರಾಯ್ಡ್ ಬಹಳ ದಿನ ತಗೊಂಡು ತಟ್ಟನೆ ನಿಲ್ಲಿಸಿದರೂ ಆಗಬಹುದು. ಮನೆಯಲ್ಲಿರೋ ಎಲ್ಲ ಡಬ್ಬಿಗಳನ್ನೂ ಒಂದು ಕವರಿಗೆ ಹಾಕ್ಕೊಂಡು ಹೋಗಿ ತೋರಿಸಿ. ಟೋಪಿರಮೇಟನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ.

ರಾಜಾಜಿನಗರದ ಲೆಕ್ಕದ ಟೀಚರ್:

ನಿಮ್ಮ ಪೋಸ್ಟ್ ಓದಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರೀತಿದ್ದೀನಿ. ನನ್ನ ಮಗನಿಗೆ ಆರನೇ ಕ್ಲಾಸಿನಲ್ಲಿ ಇದೇ ಕಾಯಿಲೆ ಬಂತು. ಈಗ ಹೈಸ್ಕೂಲು. ನಾನು ಒಂದು ಅನುದಾನಿತ ಶಾಲೆಯಲ್ಲಿ ಗಣಿತ ಹೇಳಿಕೊಡ್ತೀನಿ, ಹಾಗಾಗಿ ತಾಯಿಯಾಗಿ ಕಂಡಿದ್ದನ್ನೂ ಟೀಚರಾಗಿ ಕಂಡಿದ್ದನ್ನೂ ಸೇರಿಸಿ ಹೇಳ್ತೀನಿ.

ಮೊದಲು ಇದನ್ನು ಗಟ್ಟಿಯಾಗಿ ಹಿಡ್ಕೊಳ್ಳಿ: ನಿಮ್ಮ ಮಗಳಿಗೆ ಸೋಮಾರಿತನ ಬಂದಿಲ್ಲ. ಈ ಕಾಯಿಲೆಯಲ್ಲಿ ಎಲ್ಲರ ಕಣ್ಣೂ ಕಣ್ಣಿನ ಮೇಲೇ ಇರುತ್ತೆ, ಇರಬೇಕು ಕೂಡ. ದೃಷ್ಟಿ ಹೋದರೆ ವಾಪಸ್ ತರೋಕಾಗಲ್ಲ. ಆದರೆ ಕಣ್ಣು ಉಳಿಯಿತು ಅಂದ ಕೂಡಲೇ ಮಾತು ಮುಗಿಯಬಾರದು. ದೊಡ್ಡವರಲ್ಲಿ ಈ ಕಾಯಿಲೆ ಬಂದಾಗ ಗಮನ, ಯೋಚನೆಯ ವೇಗ, ಏಕಕಾಲಕ್ಕೆ ಎರಡು ಕೆಲಸ ನಿಭಾಯಿಸುವ ಶಕ್ತಿ ಕಡಿಮೆಯಾಗುತ್ತೆ ಅಂತ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಬ್ರಿಟನ್ನಿನಲ್ಲಿ ಹೆಂಗಸರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಒತ್ತಡ ಇಳಿದ ಹಾಗೆ ಆ ಅಂಕಗಳೂ ಸುಧಾರಿಸಿದವು. ಮಕ್ಕಳ ಮೇಲೆ ನಡೆದಿರೋ ಅಧ್ಯಯನಗಳು ಸಣ್ಣ ಸಣ್ಣವು, ಆದರೂ ದೂರು ಇದೇ ಥರದ್ದು: ತಿಳಿವಳಿಕೆ ಇರುತ್ತೆ, ವೇಗ ಇರಲ್ಲ, ಒಂದು ವಿಷಯವನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಇನ್ನೊಂದು ಕೆಲಸ ಮಾಡೋಕೆ ಆಗಲ್ಲ. ಮಗ್ಗಿ ಮಧ್ಯದಲ್ಲಿ ನಿಲ್ಲೋದು ಅದಕ್ಕೇ. ಹದಿನೇಳಾರು ಗೊತ್ತಿಲ್ಲ ಅಂತಲ್ಲ, ಎಲ್ಲಿದ್ದೆ ಅನ್ನೋದು ಕೈಬಿಟ್ಟು ಹೋಗುತ್ತೆ.

ನಾನು ಕಂಡಿದ್ದನ್ನು ಹೇಳ್ತೀನಿ. ಮಗನಿಗೆ ಅಡುಗೆಮನೆ ಗೋಡೆ ಮೇಲಿರೋ ಬೋರ್ಡಿನಲ್ಲಿ ಒಂದು ಸಾಲು ಬರೆದು, ಟೇಬಲ್ ಮುಂದೆ ಕೂರಿಸಿ, ನೋಡಿ ಬರಿ ಅಂದೆ. ಅವನ ವಯಸ್ಸಿನ ನನ್ನ ಕ್ಲಾಸಿನ ಮಕ್ಕಳು ಒಂದು ಸಲ ತಲೆ ಎತ್ತಿ ನೋಡಿದರೆ ಮೂರು ನಾಲ್ಕು ಪದ ಹೊತ್ಕೊಂಡು ಪುಸ್ತಕಕ್ಕೆ ಇಳಿಸ್ತಾರೆ. ಇವನು "ಸ್ವಾತಂತ್ರ್ಯ" ಬರೆಯೋಕೆ ಸ್ವಾ ಬರೆದು ಮತ್ತೆ ತಲೆ ಎತ್ತಿದ, ತಂ ಬರೆದು ಮತ್ತೆ ಎತ್ತಿದ, ತ್ರ್ಯ ಬರೆಯುವಾಗ ಅದರ ಒತ್ತಕ್ಷರ ಎರಡು ಸಲ ನೋಡಿದ. ಪೆನ್ಸಿಲ್ ಹಿಡಿದ ಬೆರಳ ತುದಿ ಬಿಳಿಚಿಕೊಂಡಿತ್ತು, ಅಷ್ಟು ಒತ್ತಿ ಬರೀತಿದ್ದ. ಇದು ಕಣ್ಣಿನ ತೊಂದರೆಯೋ ನೆನಪಿನದೋ ಅಂತ ತಿಳೀಬೇಕಿತ್ತು. ಒತ್ತಡ ಜಾಸ್ತಿಯಾದಾಗ ಕಣ್ಣನ್ನು ಹೊರಕ್ಕೆ ತಿರುಗಿಸೋ ಆರನೇ ನರ ದುರ್ಬಲವಾಗಿ ದೂರದ್ದು ಎರಡೆರಡಾಗಿ ಕಾಣೋದುಂಟು, ಬೋರ್ಡು ನೋಡೋ ಮಕ್ಕಳಿಗೆ ಅದು ದೊಡ್ಡ ಕಷ್ಟ. ಅದಕ್ಕೆ ಅಂಥದೇ ಇನ್ನೊಂದು ಸಾಲನ್ನು ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿ ಬರೆಸಿದೆ. ಆಗಲೂ ವಾಕ್ಯದ ಕೊನೆಯ ಅರ್ಧ ಬಿಟ್ಟು ಹೋಯಿತು. ಕಣ್ಣಿನದು ಇದ್ದರೂ ಇರಬಹುದು, ಅದೊಂದೇ ಅಲ್ಲ ಅಂತ ಆಗ ಗೊತ್ತಾಯಿತು. ನೀವೂ ಮನೆಯಲ್ಲಿ ಹೀಗೆ ನೋಡಿ, ಏನು ಕಂಡಿರೋ ತಾರೀಖು ಹಾಕಿ ಬರೆದಿಡಿ. "ಓದಿನಲ್ಲಿ ಹಿಂದೆ ಬಿದ್ದಿದ್ದಾಳೆ" ಅಂದರೆ ಡಾಕ್ಟರಿಗೆ ಹಿಡಿಯೋಕೆ ಏನೂ ಸಿಗಲ್ಲ. ಮೊಸರು ಬಂತು, ಕೊತ್ತಂಬರಿ ಬರಲಿಲ್ಲ ಅಂತ ನೀವು ಇಲ್ಲಿ ಬರೆದಿದ್ದೀರಲ್ಲ, ಅಂಥದ್ದೇ ಬೇಕು.

ಇನ್ನು ಮಾತ್ರೆ. ಟೋಪಿರಮೇಟ್ ಯಾವ ದಿನ ಶುರುವಾಯಿತು, ಪದ ಸಿಗದೆ ಒದ್ದಾಡೋದು ಯಾವಾಗ ಶುರುವಾಯಿತು, ಎರಡನ್ನೂ ಪಕ್ಕಪಕ್ಕ ಬರೀರಿ. ಪದ ನಾಲಿಗೆ ತುದಿಯಲ್ಲಿದ್ದರೂ ಬಾರದಿರೋದು, ಯೋಚನೆ ಮಂದವಾಗೋದು, ಇವೆರಡೂ ಆ ಔಷಧಿಯ ಚೆನ್ನಾಗಿ ಗೊತ್ತಿರೋ ಅಡ್ಡ ಪರಿಣಾಮಗಳು. ಡೋಸ್ ಬೇಗ ಬೇಗ ಏರಿಸಿದರೆ ಇನ್ನೂ ಜಾಸ್ತಿ. ಅದನ್ನು ಕೊಡೋಕೂ ಕಾರಣ ಇದೆ: ತಲೆನೋವಿಗೆ ಒಳ್ಳೇದು, ಒತ್ತಡದ ಮೇಲೂ ಸ್ವಲ್ಪ ಕೆಲಸ ಮಾಡುತ್ತೆ. ಅಸೆಟಾಜೋಲಮೈಡ್ ಮಿದುಳಿನ ಸುತ್ತ ಇರೋ ದ್ರವ ಉತ್ಪತ್ತಿಯಾಗೋದನ್ನೇ ಕಡಿಮೆ ಮಾಡುತ್ತೆ. ಅದರಿಂದ ಬೆರಳು ಜೋಮು ಹಿಡಿಯುತ್ತೆ, ಸುಸ್ತಾಗುತ್ತೆ, ಸೋಡಾ ಥರದ್ದು ಕುಡಿದರೆ ರುಚಿ ಕೆಟ್ಟಿರುತ್ತೆ, ಹಸಿವು ಇಂಗುತ್ತೆ. ಸುಸ್ತಾದ ಮಗು ನಿಧಾನವೇ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬಹುಶಃ ಎರಡೂ, ಮತ್ತು ಎಷ್ಟು ಯಾವುದರದು ಅಂತ ಬಿಡಿಸೋಕೆ ಅಳತೆ ಬೇಕು.

ಅಳತೆಗೆ ನಾವು ಹೋಗಿದ್ದು ನಿಮ್ಹಾನ್ಸ್‌ಗೆ. ಬೆಳಿಗ್ಗೆ ಬೇಗ ಹೋಗಿ, ಹೊಸೂರು ರಸ್ತೆ ಆಮೇಲೆ ಕಟ್ಟಿಕೊಳ್ಳುತ್ತೆ. ನರರೋಗ ವಿಭಾಗದಿಂದ ಚಿಕಿತ್ಸಾ ಮನೋವಿಜ್ಞಾನ ವಿಭಾಗಕ್ಕೆ ಬರೆಸಿಕೊಂಡು ಹೋದರೆ ಕೆಲಸ ಸುಲಭ. ರಿಪೋರ್ಟಿನಲ್ಲಿ ನನ್ನ ಮಗನ ಮಾತಿನ ತಿಳಿವಳಿಕೆ ವಯಸ್ಸಿಗೆ ತಕ್ಕಂತೆ ಇತ್ತು, ತರ್ಕವೂ ಇತ್ತು, ಬಿದ್ದಿದ್ದು ವೇಗ ಮತ್ತು ಕೆಲಸದ ನೆನಪು, ಅಂದರೆ ಒಂದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಇನ್ನೊಂದು ಮಾಡೋ ಶಕ್ತಿ. ಆ ಹಾಳೆ ಹಿಡ್ಕೊಂಡು ಶಾಲೆಗೆ ಹೋದಾಗ ಮಾತುಕತೆಯ ಧಾಟಿಯೇ ಬದಲಾಯಿತು. ಒತ್ತಡ ಹತೋಟಿಗೆ ಬಂದು, ಮಾತ್ರೆ ಇಳಿಸಿ, ಮತ್ತೊಂದು ವರ್ಷಕ್ಕೆ ಪರೀಕ್ಷೆ ಮಾಡಿಸಿದಾಗ ವೇಗ ಬಹುಪಾಲು ಮರಳಿತ್ತು. ಕೆಲಸದ ನೆನಪು ಸ್ವಲ್ಪ ಹಿಂದೆಯೇ ಇದೆ, ಅವನು ಎಲ್ಲವನ್ನೂ ಬರೆದಿಟ್ಟುಕೊಳ್ಳೋದು ಕಲಿತಿದ್ದಾನೆ. ಇದು ಒಂದು ಮಗುವಿನ ಕಥೆ. ನಿಮ್ಮ ಮಗಳದು ಇನ್ನೂ ಚೆನ್ನಾಗಿರಬಹುದು, ಊತ ಬೇಗ ಇಳಿದಿದೆಯಲ್ಲ.

ಅಳತೆಯ ಕೆಲಸದವಳು:

ನಾನು ಮಕ್ಕಳ ಮನೋವೈಜ್ಞಾನಿಕ ಪರೀಕ್ಷೆಗಳನ್ನು ಮಾಡುವವಳು, ಜಯನಗರದ ಕಡೆ. ಟೀಚರ್ ಬರೆದಿದ್ದು ಸರಿಯಾಗಿದೆ, ಪರೀಕ್ಷೆ ಮಾಡಿಸುವ ಮುಂಚೆ ಗೊತ್ತಿರಬೇಕಾದ ಕೆಲವನ್ನು ಸೇರಿಸ್ತೀನಿ.

ಒಟ್ಟು ಐಕ್ಯೂ ಒಂದನ್ನೇ ಕೇಳಬೇಡಿ. ಇಂಥ ಮಕ್ಕಳಲ್ಲಿ ಒಟ್ಟು ಅಂಕ ಸಾಮಾನ್ಯ ಮಟ್ಟದಲ್ಲೇ ಬಂದು, ಒಳಗಿನ ಕುಸಿತ ಮುಚ್ಚಿಹೋಗುತ್ತೆ. ಉಪಪರೀಕ್ಷೆಗಳ ಅಂಕ ಬಿಡಿಬಿಡಿಯಾಗಿ ರಿಪೋರ್ಟಿನಲ್ಲಿ ಇರಬೇಕು ಅಂತ ಕೇಳಿ. ಬುದ್ಧಿಶಕ್ತಿ ಅಳೆಯೋಕೆ ನಮ್ಮಲ್ಲಿ ಮಾಲಿನ್ ಪರೀಕ್ಷೆ, ಬಿನೆ-ಕಾಮತ್ ಪರೀಕ್ಷೆ ಹೆಚ್ಚು ಬಳಕೆಯಲ್ಲಿವೆ. ವೆಕ್ಸ್ಲರ್ ಮಾಪನವನ್ನೂ ಮಾಡ್ತಾರೆ. ಅದರ ಜೊತೆ ಗಮನ ಮತ್ತು ಕಾರ್ಯನಿರ್ವಹಣೆಯ ಪರೀಕ್ಷೆಗಳು ಬೇಕು. ಉದಾಹರಣೆಗೆ ನಾನು 4, 7, 2 ಅಂತೀನಿ, ಮಗು ಅದನ್ನು ತಿರುಗಿಸಿ 2, 7, 4 ಅನ್ನಬೇಕು. ಮುಂದಕ್ಕೆ ಹೇಳುವಾಗ ಆರು ಅಂಕಿ ಹೇಳುವ ಮಗು ಹಿಂದಕ್ಕೆ ಹೇಳುವಾಗ ಮೂರಕ್ಕೇ ನಿಂತರೆ, ಕೇಳಿಸಿಕೊಂಡಿದ್ದು ಉಳಿದಿದೆ, ಅದನ್ನು ತಲೆಯಲ್ಲಿ ತಿರುಗಿಸೋಕೆ ಆಗ್ತಿಲ್ಲ ಅಂತ ತಿಳಿಯುತ್ತೆ. ಕಳೆಯೋ ಲೆಕ್ಕದಲ್ಲಿ ದಶಕ ತಗೊಂಡಿದ್ದು ಮರೆತುಹೋಗೋದೂ ಇದೇ.

ಯಾವ ದಿನ ಮಾಡಿಸ್ತೀರಿ ಅನ್ನೋದು ಬಹಳ ಮುಖ್ಯ. ತಲೆನೋವು ಇರೋ ದಿನ ಬೇಡ. ಬೆನ್ನಿನ ನೀರು ತೆಗೆದ ವಾರ ಬೇಡ, ಅದರಿಂದಲೇ ಬೇರೆ ಥರದ ತಲೆನೋವು ಬರುತ್ತೆ. ಡೋಸ್ ಬದಲಾಗ್ತಿರುವಾಗ ಬೇಡ. ಒಂದೇ ಪರೀಕ್ಷೆಯನ್ನು ತೀರಾ ಬೇಗ ಮತ್ತೆ ಮಾಡಿಸಿದರೆ ಅಭ್ಯಾಸದಿಂದಲೇ ಅಂಕ ಏರುತ್ತೆ, ಚಿಕಿತ್ಸೆಯಿಂದ ಏರಿತು ಅಂತ ಮೋಸ ಹೋಗ್ತೀವಿ. ಹಾಗಾಗಿ ಒಂದು ವರ್ಷದ ಅಂತರ ಒಳ್ಳೇದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆದರೆ ಮೊದಲೇ ಹೇಳಿ. ಮಗು ಲೆಕ್ಕವನ್ನು ಯಾವ ಭಾಷೆಯಲ್ಲಿ ಯೋಚಿಸುತ್ತೋ ಅದರಲ್ಲೇ ಕೇಳಬೇಕು.

ನಿದ್ದೆ ಹೇಗಿದೆ ಅಂತಲೂ ನೋಡಿ. ಗೊರಕೆ ಇದ್ದರೆ, ರಾತ್ರಿ ಉಸಿರು ಕಟ್ಟಿದ ಹಾಗಾದರೆ, ಗಮನ ಅಲ್ಲೇ ಅರ್ಧ ಹೋಗಿರುತ್ತೆ, ಮತ್ತು ಅದು ಈ ಕಾಯಿಲೆಗೂ ತಳುಕು ಹಾಕಿಕೊಂಡಿರುತ್ತೆ. ರಕ್ತಹೀನತೆ ಪರೀಕ್ಷೆ ಆಗಿದೆಯಾ? ಅದೂ ಈ ಒತ್ತಡದ ಜೊತೆ ಕಾಣಿಸಿಕೊಳ್ಳುತ್ತೆ, ಗಮನವನ್ನೂ ತಿನ್ನುತ್ತೆ. ಇನ್ನು ಆಸ್ಪತ್ರೆ, ಸೂಜಿ, ಶಾಲೆ ತಪ್ಪಿದ ವಾರಗಳು, ಕುರುಡಾಗ್ತೀನಾ ಅನ್ನೋ ಭಯ. ಹತ್ತು ವರ್ಷದ ಮಗು ಈ ಭಯವನ್ನು ಬಾಯಿಬಿಟ್ಟು ಹೇಳಲ್ಲ. ಪರೀಕ್ಷೆಗೆ ಬಂದವರಲ್ಲಿ ನಾನು ಇದನ್ನು ಪ್ರತ್ಯೇಕವಾಗಿ ಕೇಳ್ತೀನಿ, ಏಕೆಂದರೆ ಹೆದರಿದ ಮಗುವಿನ ಅಂಕವೂ ಕಾಯಿಲೆಯ ಅಂಕದ ಹಾಗೇ ಕಾಣುತ್ತೆ.

ಗಮನದ ತೊಂದರೆ ಕಣ್ಣಿನ ಪರೀಕ್ಷೆಗೂ ಅಡ್ಡ ಬರುತ್ತೆ. ದೃಷ್ಟಿಯ ಹರವು ನೋಡೋ ಯಂತ್ರದಲ್ಲಿ ಮಧ್ಯದ ಚುಕ್ಕಿಯನ್ನೇ ದಿಟ್ಟಿಸಿ, ಪಕ್ಕದಲ್ಲಿ ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ನಿಮಿಷಗಟ್ಟಲೆ ಅದೇ ಕೆಲಸ. ಮಗು ದಣಿದು ಗುಂಡಿ ಬಿಟ್ಟರೆ ಅಲ್ಲಿ ದೃಷ್ಟಿಯೇ ಇಲ್ಲ ಅಂತ ಕಾಗದದಲ್ಲಿ ಬೀಳುತ್ತೆ. ಬೆಳಿಗ್ಗೆ, ಹೊಟ್ಟೆ ತುಂಬಿರುವಾಗ ಮಾಡಿಸಿ. ಮಿಂಟೋ ಕಣ್ಣಿನ ಆಸ್ಪತ್ರೆಗೆ ಹೋಗೋದಾದರೆ ಹಸಿರು ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್ ಹತ್ತಿರ.

ಯಲಹಂಕದ ಅಪ್ಪ:

ನನ್ನ ಮಗನದು ಬೇರೆ, ಹೈಡ್ರೋಸೆಫಲಸ್. ಎಳೇ ಮಗುವಿದ್ದಾಗ ಮೆದುಳು ಜ್ವರ ಬಂದು, ತಲೆಯಲ್ಲಿ ನೀರು ತುಂಬಿ, ಅದನ್ನು ಹರಿಸೋ ಕೊಳವೆ, ಅಂದರೆ ಶಂಟ್ ಹಾಕಿದರು. ಎರಡನ್ನೂ ಒಂದೇ ಅಂತ ನೆಂಟರು ನಿಮ್ಮನ್ನು ಹೆದರಿಸಬಹುದು, ಅದಕ್ಕೇ ಬರೀತಿದ್ದೀನಿ. ನಮ್ಮ ಹುಡುಗನಲ್ಲಿ ಮಿದುಳಿನ ಒಳಗಿನ ಕೋಣೆಗಳೇ ಹಿಗ್ಗಿ ಸುತ್ತಲಿನ ನರತಂತುಗಳು ಎಳೆದುಕೊಂಡಿದ್ದವು. ನಿಮ್ಮ ಮಗಳ ಕಾಯಿಲೆಯಲ್ಲಿ ಆ ಕೋಣೆಗಳು ಹಿಗ್ಗಿರೋದಿಲ್ಲ. ಸ್ಕ್ಯಾನ್ ರಿಪೋರ್ಟಿನಲ್ಲಿ ನೋಡಿ, ವೆಂಟ್ರಿಕಲ್ ಸಾಮಾನ್ಯ ಅಂತಲೇ ಬರೆದಿರುತ್ತಾರೆ. ನನ್ನ ಮಗ ಮಾತಿನಲ್ಲಿ ಯಾರಿಗೂ ಕಮ್ಮಿ ಇಲ್ಲ, ಭೂಪಟ ಮತ್ತು ರೇಖಾಗಣಿತ ಅಂದರೆ ಕೈಕಾಲು ಆಡಲ್ಲ. ಶಂಟ್ ಇರೋ ಮಕ್ಕಳಲ್ಲಿ ಇದು ಸಾಮಾನ್ಯ.

ನಾವು ಕಲಿತ ಒಂದು ವಿಷಯ ನಿಮಗೂ ಬೇಕಾಗುತ್ತೆ. ಶಂಟ್ ನಿಧಾನಕ್ಕೆ ಕಟ್ಟಿಕೊಳ್ಳುವಾಗ ವಾಂತಿ, ತಲೆನೋವಿಗಿಂತ ಮುಂಚೆ ಓದು ಕುಸಿಯೋದುಂಟು. ನಮ್ಮ ಮನೆಯಲ್ಲಿ ಅಕ್ಷರ ದಪ್ಪಗಾಗಿ ಸಾಲು ಬಿಟ್ಟು ಓಡೋಕೆ ಶುರುವಾಯಿತು, ಅದನ್ನು ಮೊದಲು ಹಿಡಿದಿದ್ದು ಅವನ ಟೀಚರ್. ನಿಮ್ಮ ಮಗಳಲ್ಲೂ ಚೇತರಿಸಿಕೊಂಡ ಓದು ಮತ್ತೆ ಮಂಕಾದರೆ, ಒತ್ತಡ ಮತ್ತೆ ಏರಿದೆಯಾ ಅಂತ ಕಣ್ಣಿನ ನರ ತೋರಿಸಿ. ಮಾತ್ರೆ ನಿಲ್ಲಿಸಿದ ಮೇಲೂ ಈ ಕಾಯಿಲೆ ಮರುಕಳಿಸಬಹುದು. ವಾಂತಿಯ ಜೊತೆ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಹೊಸದಾಗಿ ಎರಡೆರಡು ಕಾಣೋದು, ದೃಷ್ಟಿ ಮಸುಕಾಗೋದು, ಇವು ಬಂದರೆ ಓಪಿಡಿ ದಿನ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ.

ಹನುಮಂತನಗರದ ಅಮ್ಮ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಸ್ಕ್ಯಾನ್ ರಿಪೋರ್ಟ್ ತೆಗೆದು ನೋಡಿದೆ, ವೆಂಟ್ರಿಕಲ್ ಸಾಮಾನ್ಯ ಅಂತಲೇ ಇದೆ. ವಿಟಮಿನ್ ಡಬ್ಬಿ ಯಾವುದೂ ಇಲ್ಲ. ತಾರೀಖು ಪಕ್ಕಪಕ್ಕ ಇಟ್ಟು ನೋಡಿದರೆ ಪದ ಸಿಗದೆ ಒದ್ದಾಡೋದು ಟೋಪಿರಮೇಟ್ ಡೋಸ್ ಏರಿಸಿದ ಮೇಲಿನದು. ಮಗ್ಗಿ ನಿಲ್ಲೋದು, ಮರೆಯೋದು ಅದಕ್ಕೂ ಮುಂಚಿನದು, ತಲೆನೋವು ಶುರುವಾದ ಕಾಲದ್ದು. ಅವಳ ಹಳೇ ನೋಟ್ಸ್ ತಿರುವಿ ಹಾಕಿದಾಗ ಜುಲೈ ಪುಟಗಳಲ್ಲೇ ಅರ್ಧಂಬರ್ಧ ಉತ್ತರಗಳು ಕಂಡವು. ನರರೋಗ ಡಾಕ್ಟರಿಗೆ ಈ ಪಟ್ಟಿ ತೋರಿಸಿದೆ. ಅವರು ಪೂರ್ತಿ ಓದಿ, ಟೋಪಿರಮೇಟನ್ನು ಹಂತಹಂತವಾಗಿ ಇಳಿಸಿ ನೋಡೋಣ, ಕಣ್ಣಿನ ನರದ ಮೇಲೆ ಕಣ್ಣಿಟ್ಟಿರೋಣ ಅಂದರು. ಡೋಸ್ ಒಂದು ಕಡೆ ನಿಂತ ಮೇಲೆ ಮನೋವಿಜ್ಞಾನದ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ. ಹಿಮೋಗ್ಲೋಬಿನ್ ಕಡಿಮೆ ಬಂದಿದೆ, ಕಬ್ಬಿಣದ ಸಿರಪ್ ಶುರುವಾಗಿದೆ.

ರಾತ್ರಿ ಅವಳ ಪಕ್ಕ ಮಲಗಿ, ಭಯ ಆಗ್ತಿದೆಯಾ ಅಂತ ಕೇಳಿದೆ. "ಕಣ್ಣು ಹೋದರೆ ನಾನು ಸ್ಕೂಲಿಗೆ ಹೇಗೆ ಹೋಗೋದು" ಅಂತ ಅತ್ತಳು. ಇಷ್ಟು ದಿನ ಇದನ್ನು ಒಳಗೇ ಇಟ್ಕೊಂಡಿದ್ದಳು. ಊತ ಇಳಿದಿರೋ ರಿಪೋರ್ಟನ್ನು ಅವಳಿಗೇ ಓದಿ ಹೇಳಿದೆ.

ಒಂದೇ ಪ್ರಶ್ನೆ ಉಳಿದಿದೆ. ಪರೀಕ್ಷೆಯ ರಿಪೋರ್ಟ್ ಬರೋಕೆ ಟೈಮ್ ಆಗುತ್ತೆ, ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂತು. ಶಾಲೆಗೆ ಏನಂತ ಬರೆದು ಕೊಡಲಿ?

ರಾಜಾಜಿನಗರದ ಲೆಕ್ಕದ ಟೀಚರ್:

ಡಾಕ್ಟರ ಚೀಟಿಯ ಜೆರಾಕ್ಸ್ ಜೊತೆ ಒಂದು ಪುಟದ ಪತ್ರ ಸಾಕು, ಹೆಡ್‌ಮಿಸ್ ಹೆಸರಿಗೆ ಬರೀರಿ, ಕ್ಲಾಸ್ ಟೀಚರಿಗೂ ಒಂದು ಪ್ರತಿ. ಕಾಯಿಲೆಯ ಹೆಸರು ಒಂದು ಸಾಲು. ಆಮೇಲೆ ನೇರವಾಗಿ ಏನು ಬೇಕೋ ಅದು: ಮೊದಲ ಬೆಂಚಿನಲ್ಲಿ ಬೋರ್ಡಿಗೆ ನೇರವಾಗಿ ಜಾಗ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬೋರ್ಡಿನಿಂದ ಬರೆದುಕೊಳ್ಳೋ ಬದಲು ಟೀಚರ ನೋಟ್ಸಿನ ಪ್ರತಿ, ಒಂದು ಸಲಕ್ಕೆ ಒಂದೇ ಸೂಚನೆ. ಅಸೆಟಾಜೋಲಮೈಡ್‌ನಿಂದ ಮೂತ್ರ ಜಾಸ್ತಿ ಬರುತ್ತೆ, ಹಾಗಾಗಿ ನೀರಿನ ಬಾಟಲಿ ಮತ್ತು ಟಾಯ್ಲೆಟ್‌ಗೆ ಕೇಳಿದಾಗ ಕಳಿಸಬೇಕು ಅಂತ ಮರೀದೆ ಬರೀರಿ, ನೀರು ಕುಡಿಯದಿದ್ದರೆ ಮೂತ್ರಪಿಂಡದಲ್ಲಿ ಕಲ್ಲಾಗೋ ಅಪಾಯ ಇದೆ. ಐದನೇ ಕ್ಲಾಸಿನ ಅರ್ಧವಾರ್ಷಿಕಕ್ಕೆ ಹೆಚ್ಚಿನ ಸಮಯ ಕೊಡೋದು ಹೆಡ್‌ಮಿಸ್ ಕೈಯಲ್ಲೇ ಇರುತ್ತೆ, ಪರೀಕ್ಷಾ ಮಂಡಳಿಯ ಅನುಮತಿ ಬೇಕಿಲ್ಲ. ಎಲ್ಲ ಪಾಠ ಒಟ್ಟಿಗೆ ಹಿಡಿಯೋಕೆ ಹೋಗಬೇಡಿ. ಕನ್ನಡ ಮತ್ತು ಲೆಕ್ಕ ಎರಡನ್ನೇ ಈ ತಿಂಗಳು ನೋಡಿಕೊಳ್ಳಿ, ಮಗ್ಗಿಯನ್ನು ಬಾಯಿಪಾಠದ ಬದಲು ಬರೆದ ಪಟ್ಟಿ ಮುಂದಿಟ್ಟುಕೊಂಡು ಮಾಡಲಿ. ಪತ್ರ ಕೊಟ್ಟಾಗ ಇನ್ನೊಂದು ಪ್ರತಿಯಲ್ಲಿ ಸೀಲ್ ಹಾಕಿಸಿಕೊಳ್ಳಿ. ಕರಡು ಬೇಕಿದ್ದರೆ ಇಲ್ಲೇ ಹಾಕಿ, ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ನೋಡಿ ತಿದ್ದಿಕೊಡ್ತೀನಿ.